ಅಕ್ಕನಿಗೆ ನ್ಯೂಯಾರ್ಕಿನಲ್ಲಿ ಸಿಟಿಜನ್‌ಶಿಪ್ ಅರ್ಜಿ ಹಾಕಬೇಕು, ದುಡ್ಡು ತಗೊಳ್ಳದೆ ಸಹಾಯ ಮಾಡುವವರು ಇದ್ದಾರಾ?

ವರದಾದಂಡೆ

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನವನು. ಅಮೆರಿಕದ ಕಾನೂನು ನನಗೆ ಏನೂ ಗೊತ್ತಿಲ್ಲ, ಇಲ್ಲಿ ಹೊರದೇಶದಲ್ಲಿರುವ ನಮ್ಮ ಕಡೆಯವರು ಜಾಸ್ತಿ ಇದ್ದೀರಿ ಅಂತ ಕೇಳುತ್ತಿದ್ದೇನೆ.

ನನ್ನ ಅಕ್ಕ, ಭಾವ ಮತ್ತು ಅವರ ಇಬ್ಬರು ಮಕ್ಕಳು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದಾರೆ, ಜಾಕ್ಸನ್ ಹೈಟ್ಸ್ ಹತ್ತಿರ. ಭಾವನ ಅಣ್ಣ ಅರ್ಜಿ ಹಾಕಿ ಕರೆಸಿಕೊಂಡಿದ್ದು. 2016ರ ಸೆಪ್ಟೆಂಬರಿನಲ್ಲಿ ಎಲ್ಲರಿಗೂ ಗ್ರೀನ್ ಕಾರ್ಡ್ ಬಂತು. ಅಮೆರಿಕ ಅಂದ ಕೂಡಲೇ ಊರವರು ಸಾಫ್ಟ್‌ವೇರ್ ಅಂದುಕೊಳ್ಳುತ್ತಾರೆ. ಇವರದ್ದು ಹಾಗಲ್ಲ. ಅಕ್ಕ ಒಂದು ದಿನಸಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಭಾವ ಗಾಡಿ ಓಡಿಸುತ್ತಾರೆ. ಬಾಡಿಗೆ ಕಟ್ಟಿದ ಮೇಲೆ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೆ.

ಈ ವರ್ಷ ಕಾರ್ಡಿನ ಹತ್ತು ವರ್ಷ ಮುಗಿಯುತ್ತದೆ. ಅದನ್ನು ರಿನ್ಯೂ ಮಾಡಿಸುವುದಾ ಅಥವಾ ಸಿಟಿಜನ್‌ಶಿಪ್‌ಗೇ ಹಾಕಿಬಿಡುವುದಾ ಅಂತ ಮನೆಯಲ್ಲಿ ಚರ್ಚೆ. ಅವರ ಬೀದಿಯಲ್ಲೇ ಒಂದು ಅಂಗಡಿ ಮಹಡಿ ಮೇಲೆ ಒಬ್ಬರು ಆಫೀಸು ಇಟ್ಟುಕೊಂಡಿದ್ದಾರೆ. ಬೋರ್ಡಿನಲ್ಲಿ ಟ್ಯಾಕ್ಸ್, ಟಿಕೆಟ್, ನೋಟರಿ, ಇಮಿಗ್ರೇಷನ್ ಎಲ್ಲಾ ಒಟ್ಟಿಗೇ ಇದೆ. ಅವರು ಅಕ್ಕ ಒಬ್ಬಳ ಅರ್ಜಿಗೇ 1,800 ಡಾಲರ್ ಕೇಳಿದ್ದಾರೆ. ಸರ್ಕಾರಿ ಫೀಸು ಬೇರೆ.

ಇನ್ನೊಂದು ತಲೆನೋವು ಇದೆ. 2023ರಲ್ಲಿ ಅಪ್ಪನಿಗೆ ಸ್ಟ್ರೋಕ್ ಆಯಿತು. ಅಕ್ಕ ಜನವರಿ ಕೊನೆಗೆ ಒಬ್ಬಳೇ ಬಂದವಳು, ಸೆಪ್ಟೆಂಬರಿನಲ್ಲಿ ಚೌತಿ ಮುಗಿಸಿಕೊಂಡೇ ವಾಪಸ್ ಹೋಗಿದ್ದು. ಹತ್ತಿರ ಹತ್ತಿರ ಎಂಟು ತಿಂಗಳು. ಇದನ್ನು ಹೇಳಿದರೆ ಆ ಆಫೀಸಿನವರು "ಐದು ತಿಂಗಳು ಅಂತ ಬರೆದರಾಯ್ತು, ಯಾರು ನೋಡುತ್ತಾರೆ" ಅಂದರಂತೆ. ಅಲ್ಲಿಂದ ಅಕ್ಕನಿಗೆ ನಿದ್ದೆ ಇಲ್ಲ, ರಾತ್ರಿ ಅಂತ ನೋಡದೆ ನನಗೆ ಫೋನ್ ಮಾಡುತ್ತಾಳೆ.

ಅಷ್ಟು ದೊಡ್ಡ ಊರಲ್ಲಿ ಬಡವರಿಗೆ ಪುಕ್ಕಟೆ ಸಹಾಯ ಮಾಡುವವರು ಯಾರೂ ಇಲ್ವಾ? ಇದ್ದರೆ ಅವರು ನಂಬಿಕಸ್ತರು ಅಂತ ತಿಳಿಯುವುದು ಹೇಗೆ?

---

ಜರ್ಸಿಯ_ಭದ್ರಾವತಿ

ಮೊದಲು ಒಂದು ಮಾತು. ಆ ಆಫೀಸಿಗೆ ಇನ್ನೊಂದು ಸಲ ಕಾಲಿಡಬೇಡಿ ಅಂತ ಅಕ್ಕನಿಗೆ ಹೇಳಿ.

ಐದು ತಿಂಗಳು ಅಂತ ಬರೆದರೆ ಯಾರೂ ನೋಡುವುದಿಲ್ಲ ಅನ್ನುವುದು ಶುದ್ಧ ಸುಳ್ಳು. ಹೋದ ದಿನ, ಬಂದ ದಿನ ಎರಡೂ ಅಲ್ಲಿನ ಸರ್ಕಾರದ ಕಂಪ್ಯೂಟರಿನಲ್ಲಿದೆ. ಇಂಟರ್‌ವ್ಯೂನಲ್ಲಿ ಆಫೀಸರ್ ಅದನ್ನು ಎದುರಿಗೆ ಇಟ್ಟುಕೊಂಡೇ ಕೇಳುತ್ತಾನೆ. ಫಾರಂ ಕೊನೆಯಲ್ಲಿ, ಬರೆದದ್ದೆಲ್ಲ ನಿಜ ಅಂತ ಪ್ರಮಾಣ ಮಾಡಿ ಸಹಿ ಹಾಕುವುದು ನಿಮ್ಮ ಅಕ್ಕ, ಆ ಮಹಡಿ ಮೇಲಿನ ಮನುಷ್ಯ ಅಲ್ಲ. ಎಂಟು ತಿಂಗಳು ಊರಲ್ಲಿ ಇದ್ದದ್ದು ತಪ್ಪೇ ಅಲ್ಲ, ಸರಿಯಾಗಿ ವಿವರಿಸಿದರೆ ದಾರಿ ಇದೆ. ಸುಳ್ಳು ಬರೆದು ಸಿಕ್ಕಿಬಿದ್ದರೆ ಅರ್ಜಿ ವಜಾ ಆಗುವುದಷ್ಟೇ ಅಲ್ಲ, ಸಿಟಿಜನ್‌ಶಿಪ್ ಸಿಕ್ಕ ಮೇಲೂ ಅದನ್ನು ಕಿತ್ತುಕೊಳ್ಳಲು ಕಾನೂನಿದೆ.

ಇನ್ನು ನೋಟರಿ ಬೋರ್ಡ್ ನೋಡಿ ನಮ್ಮವರು ಮೋಸ ಹೋಗುವುದು ಸಹಜ. ನಮ್ಮ ಕೋರ್ಟ್ ಮುಂದೆ ನೋಟರಿ ಅಂದರೆ ವಕೀಲರೇ ಅಲ್ವಾ? ಅಲ್ಲಿ ಹಾಗಲ್ಲ. ಅಂಗಡಿಯವನೂ ಒಂದು ಸಣ್ಣ ಪರೀಕ್ಷೆ ಬರೆದು ನೋಟರಿ ಆಗಬಹುದು. ಸಹಿಗೆ ಸಾಕ್ಷಿ ಹಾಕುವುದಷ್ಟೇ ಅವನ ಅಧಿಕಾರ.

ಕ್ವೀನ್ಸ್‌ನಲ್ಲೇ ಇರುವವರು ಒಬ್ಬರು ಇಲ್ಲಿ ಬರೆಯುತ್ತಿರುತ್ತಾರೆ, ಅವರು ನೋಡಿದರೆ ಇನ್ನೂ ಸರಿಯಾಗಿ ಹೇಳುತ್ತಾರೆ.

---

ಏಳನೇ_ನಂಬರ್_ರೈಲು

ನೋಡಿದೆ ಮಾರಾಯ್ರೆ. ನಾನು ವಕೀಲ ಅಲ್ಲ. ರಜೆ ದಿನಗಳಲ್ಲಿ ಇಂಥ ಫಾರಂ ತುಂಬಿಸುವ ಉಚಿತ ಶಿಬಿರಗಳಲ್ಲಿ ಸ್ವಯಂಸೇವೆ ಮಾಡುತ್ತೇನೆ. ಅಲ್ಲಿ ನಾವು ತುಂಬಿದ ಪ್ರತಿ ಫಾರಮನ್ನೂ ಒಬ್ಬ ವಕೀಲರು ನೋಡಿಯೇ ಕಳಿಸುವುದು.

ನಿಮ್ಮ ಅಕ್ಕನಿಗೆ ಸಹಾಯ ಧಾರಾಳವಾಗಿ ಇದೆ, ಅದೂ ಮನೆ ಹತ್ತಿರದಲ್ಲೇ. ನ್ಯೂಯಾರ್ಕಿನಲ್ಲಿ ಎಲ್ಲಿಂದ ಶುರು ಮಾಡುವುದು ಗೊತ್ತಾಗದಿದ್ದರೆ 311ಕ್ಕೆ ಫೋನ್ ಮಾಡಬೇಕು. ಅದು ನಗರಸಭೆಯ ನಂಬರ್. "ಇಮಿಗ್ರೇಷನ್ ಲೀಗಲ್" ಅಂದರೆ ಸಾಕು, ಉಚಿತ ಕಾನೂನು ಸಹಾಯ ಕೊಡುವ ಜಾಗಕ್ಕೆ ಜೋಡಿಸುತ್ತಾರೆ. ಇಂಗ್ಲಿಷಿನಲ್ಲಿ ಮಾತಾಡಲು ಹಿಂಜರಿಕೆ ಇದ್ದರೆ ಭಾಷೆ ಹೆಸರು ಹೇಳಿ ಅನುವಾದಕರನ್ನು ಕೇಳಬಹುದು, ಅದಕ್ಕೂ ದುಡ್ಡಿಲ್ಲ. ನಿಮ್ಮ ಇಮಿಗ್ರೇಷನ್ ಸ್ಟೇಟಸ್ ಏನು ಅಂತ 311ರವರು ಕೇಳುವುದಿಲ್ಲ, ಆ ಭಯ ಬೇಡ.

ಎರಡನೆಯದು ಕ್ಯೂನಿ, ಅಂದರೆ ಸಿಟಿ ಯೂನಿವರ್ಸಿಟಿ ಆಫ್ ನ್ಯೂಯಾರ್ಕ್. ಅವರದ್ದು "ಸಿಟಿಜನ್‌ಶಿಪ್ ನೌ" ಅಂತ ಒಂದು ವಿಭಾಗ 1997ರಿಂದ ನಡೆಯುತ್ತಿದೆ. ಅಲ್ಲಿ ಓದುತ್ತಿರುವವರಿಗೆ ಮಾತ್ರ ಅಲ್ಲ, ಯಾರು ಬೇಕಾದರೂ ಹೋಗಬಹುದು. ಕೂತು ಕೇಸು ಕೇಳುವುದು ವಕೀಲರು ಅಥವಾ ಸರ್ಕಾರದ ಮಾನ್ಯತೆ ಇರುವ ಪ್ರತಿನಿಧಿಗಳು. ನಾನಾದರೆ ನಿಮ್ಮ ಅಕ್ಕನನ್ನು ಮೊದಲು ಅಲ್ಲಿಗೇ ಕಳಿಸುತ್ತೇನೆ. ಮುಂಚೆ ಅಪಾಯಿಂಟ್‌ಮೆಂಟ್ ಮಾಡಿಕೊಳ್ಳಬೇಕು, ಕಾಯಬೇಕಾಗುತ್ತದೆ. ಅದಕ್ಕೇ ಸೆಪ್ಟೆಂಬರ್ ತನಕ ಕೂರಬೇಡಿ.

ಮೂರನೆಯದು ಲೈಬ್ರರಿ. ನಮ್ಮೂರಲ್ಲಿ ಲೈಬ್ರರಿ ಅಂದರೆ ಪೇಪರ್ ಓದುವ ಜಾಗ ಅನ್ನುವ ಲೆಕ್ಕ. ಕ್ವೀನ್ಸ್ ಪಬ್ಲಿಕ್ ಲೈಬ್ರರಿಯಲ್ಲಿ ಸಿಟಿಜನ್‌ಶಿಪ್ ಪರೀಕ್ಷೆಗೆ ಕ್ಲಾಸ್, ಇಂಗ್ಲಿಷ್ ಕ್ಲಾಸ್ ಎಲ್ಲ ಬಿಟ್ಟಿ. ಜಾಕ್ಸನ್ ಹೈಟ್ಸ್‌ನಲ್ಲೇ ಅದರ ಶಾಖೆ ಇದೆ. ನಮ್ಮ ಉಪಖಂಡದವರಿಗಾಗಿಯೇ ಇರುವ "ಛಾಯಾ" ಅನ್ನುವ ಸಂಸ್ಥೆಯೂ ಅದೇ ಏರಿಯಾದಲ್ಲಿದೆ. ಅಲ್ಲೂ ಒಮ್ಮೆ ವಿಚಾರಿಸಬಹುದು.

ನಂಬಿಕಸ್ತರು ಹೌದೋ ಅಲ್ವೋ ಅಂತ ಕೇಳಿದ್ದೀರಿ. ಅದಕ್ಕೆ ಸಲೀಸಾದ ದಾರಿ ಇದೆ. ಇಮಿಗ್ರೇಷನ್ ವಿಷಯದಲ್ಲಿ ಸಲಹೆ ಕೊಡಲು ಅಲ್ಲಿ ಇಬ್ಬರಿಗೆ ಮಾತ್ರ ಹಕ್ಕು. ಒಂದು, ವಕೀಲರು. ಇನ್ನೊಂದು, ಅಮೆರಿಕದ ನ್ಯಾಯ ಇಲಾಖೆ ಮಾನ್ಯತೆ ಕೊಟ್ಟ ಪ್ರತಿನಿಧಿ, ಅವರು ಮಾನ್ಯತೆ ಪಡೆದ ಸಂಸ್ಥೆಯಲ್ಲೇ ಕೆಲಸ ಮಾಡುತ್ತಿರಬೇಕು. ಇವರ ಪಟ್ಟಿ ಇಲಾಖೆ ವೆಬ್‌ಸೈಟಿನಲ್ಲೇ ಸಿಗುತ್ತದೆ. ವಕೀಲರಾದರೆ ನ್ಯೂಯಾರ್ಕ್ ರಾಜ್ಯದ ಕೋರ್ಟ್ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಬಹುದು, ನೀವು ಸಾಗರದಲ್ಲಿ ಕೂತೇ ನೋಡಬಹುದು. "ನಿಮ್ಮ ಹೆಸರು ಯಾವ ಪಟ್ಟಿಯಲ್ಲಿದೆ" ಅಂತ ಕೇಳಿದರೆ ಸರಿಯಾದವರು ಬೇಜಾರು ಮಾಡಿಕೊಳ್ಳುವುದಿಲ್ಲ. ಮಹಡಿ ಮೇಲಿನವರು ಮಾಡಿಕೊಳ್ಳಬಹುದು.

ಅಂಥ ಆಫೀಸುಗಳಿಗೂ ನ್ಯೂಯಾರ್ಕ್ ನಗರದಲ್ಲಿ ಕಾನೂನಿದೆ. ನಾನು ವಕೀಲ ಅಲ್ಲ ಅಂತ ಬೋರ್ಡ್ ಹಾಕಿರಬೇಕು. ಗಿರಾಕಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತ ಕರಾರು ಕೊಡಬೇಕು. ಮೂರು ದಿನದೊಳಗೆ ಬೇಡ ಅಂದರೆ ದುಡ್ಡು ವಾಪಸ್ ಕೊಡಬೇಕು. ಅಕ್ಕ ಏನಾದರೂ ಅಡ್ವಾನ್ಸ್ ಕೊಟ್ಟಿದ್ದಾರಾ? ಕೊಟ್ಟಿದ್ದರೆ ಅದೇ 311ಕ್ಕೆ ದೂರು ಕೊಡಬಹುದು.

ಈಗ ಎಂಟು ತಿಂಗಳ ವಿಷಯ. ಇದೇ ನಿಮ್ಮ ಕೇಸಿನ ಗಂಟು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಗ್ರೀನ್ ಕಾರ್ಡ್ ಬಂದು ಐದು ವರ್ಷ ಆದವರು ಸಿಟಿಜನ್‌ಶಿಪ್‌ಗೆ ಎನ್-400 ಅನ್ನುವ ಫಾರಂ ಹಾಕಬಹುದು. ಆದರೆ ಅರ್ಜಿ ಹಾಕುವ ಹಿಂದಿನ ಐದು ವರ್ಷ ಅಮೆರಿಕವೇ ನಿಮ್ಮ ವಾಸಸ್ಥಳ ಆಗಿರಬೇಕು, ಅದರಲ್ಲಿ ಒಟ್ಟು 30 ತಿಂಗಳು ದೇಶದ ಒಳಗೇ ಇದ್ದಿರಬೇಕು. 30 ತಿಂಗಳದ್ದು ಅಕ್ಕನಿಗೆ ತೊಂದರೆ ಇಲ್ಲ. ವಾಸದ ವಿಷಯದಲ್ಲಿ, ಒಂದೇ ಸಲಕ್ಕೆ ಆರು ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ ವಾಸ ಕಡಿದುಹೋಯಿತು ಅಂತಲೇ ಆಫೀಸರ್ ಎಣಿಸುತ್ತಾರೆ. ಒಂದು ವರ್ಷದ ಒಳಗಿದ್ದರೆ, ಇಲ್ಲ ಕಡಿದಿಲ್ಲ ಅಂತ ನಾವು ತೋರಿಸಿಕೊಡಲು ಅವಕಾಶ ಇದೆ. ಒಂದು ವರ್ಷ ದಾಟಿದ್ದರೆ ಆ ಅವಕಾಶ ಇರುತ್ತಿರಲಿಲ್ಲ.

ತೋರಿಸುವುದು ಹೇಗೆ? ಗಂಡ, ಮಕ್ಕಳು ಅಲ್ಲೇ ಇದ್ದರು. ಮನೆ ಬಾಡಿಗೆ ಕರಾರು ಆ ಎಂಟು ತಿಂಗಳೂ ನಡೆಯುತ್ತಿತ್ತು. ಅಂಗಡಿಯವರು ಕೆಲಸದಿಂದ ತೆಗೆಯದೆ ವಾಪಸ್ ಸೇರಿಸಿಕೊಂಡರು. ಊರಿಗೆ ಬಂದು ಸಂಬಳದ ಕೆಲಸ ಮಾಡಲಿಲ್ಲ. ಟ್ಯಾಕ್ಸ್ ಅಲ್ಲಿನ ನಿವಾಸಿಯಾಗಿಯೇ ಕಟ್ಟಿದರು. ಇವಕ್ಕೆಲ್ಲ ಕಾಗದ ಬೇಕು. ಇದನ್ನು ಜೋಡಿಸಿ ಒಂದು ವಿವರಣೆ ಬರೆಯುವುದು ವಕೀಲರ ಕೆಲಸ, ಫಾರಂ ತುಂಬುವವರ ಕೆಲಸ ಅಲ್ಲ. ಉಚಿತ ಶಿಬಿರಗಳಿಗೆ ಹೋದರೂ ಇಂಥ ಕೇಸನ್ನು ಬೇರೆ ಕೂರಿಸಿ ವಕೀಲರ ಹತ್ತಿರ ಕಳಿಸುತ್ತಾರೆ.

ಆಫೀಸರ್ ಒಪ್ಪದಿದ್ದರೆ ಸೆಪ್ಟೆಂಬರ್ 2023ರಿಂದ ನಾಲ್ಕೂವರೆ ವರ್ಷ ಎಣಿಸಬೇಕು. ಅಂದರೆ 2028ರ ಮಾರ್ಚ್ ಹೊತ್ತಿಗೆ ಮತ್ತೆ ಹಾಕಬಹುದು.

ಒಂದು ಪ್ರಶ್ನೆ ನನ್ನದು. ಭಾವ ಯಾಕೆ ಹಾಕುತ್ತಿಲ್ಲ? ಅವರೂ 2016ರವರೇ ಅಲ್ವಾ? ಮಕ್ಕಳಿಗೆ ಎಷ್ಟು ವಯಸ್ಸು?

---

ವರದಾದಂಡೆ

ಸರ್, ತುಂಬಾ ಉಪಕಾರ ಆಯಿತು. ಅಡ್ವಾನ್ಸ್ ಕೊಟ್ಟಿಲ್ಲ.

ಭಾವ ಎಲ್ಲೂ ಹೋಗಿಲ್ಲ. ಅಪ್ಪನ ಆರೋಗ್ಯದ ಸಮಯದಲ್ಲೂ ಮಕ್ಕಳನ್ನು ನೋಡಿಕೊಂಡು ಅಲ್ಲೇ ಇದ್ದರು. ಅವರಿಗೆ ಇಂಟರ್‌ವ್ಯೂ ಅಂದರೆ ಭಯ. 52 ವರ್ಷ ಆಯಿತು, ಈ ವಯಸ್ಸಿಗೆ ಇಂಗ್ಲಿಷಿನಲ್ಲಿ ಪರೀಕ್ಷೆ ಯಾರು ಬರೆಯುತ್ತಾರೆ, ನೀನೇ ಮೊದಲು ಹಾಕು ಅಂತ ಅಕ್ಕನ ಮೇಲೆ ಹಾಕಿದ್ದಾರೆ. ದೊಡ್ಡ ಮಗನಿಗೆ 21, ಮಗಳಿಗೆ 16.

---

ಏಳನೇ_ನಂಬರ್_ರೈಲು

ಹಾಗಾದರೆ ಭಾವನೇ ಮೊದಲು ಹಾಕಲಿ! ಅಥವಾ ಇಬ್ಬರೂ ಒಟ್ಟಿಗೆ ವಕೀಲರ ಮುಂದೆ ಕೂರಲಿ.

ಯಾಕೆ ಅಂದರೆ, ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರು ಸಿಟಿಜನ್ ಆದರೆ ಸಾಕು, ಅವರ ಜೊತೆ ವಾಸ ಇರುವ, ಗ್ರೀನ್ ಕಾರ್ಡ್ ಇರುವ, 18 ತುಂಬದ ಮಗು ತಾನಾಗಿಯೇ ಸಿಟಿಜನ್ ಆಗುತ್ತದೆ. ಅದಕ್ಕೆ ಬೇರೆ ಪರೀಕ್ಷೆ ಇಲ್ಲ. ಹುಡುಗಿಗೆ ಈಗ 16. ಅಕ್ಕನ ಅರ್ಜಿ ಎಂಟು ತಿಂಗಳ ಕಾರಣಕ್ಕೆ ನಿಂತು 2028ಕ್ಕೆ ಹೋದರೆ ಅವಳಿಗೆ 18 ದಾಟಿರುತ್ತದೆ, ಆಮೇಲೆ ಅವಳೇ ಎನ್-400 ಹಾಕಬೇಕು, ಫೀಸು ಕಟ್ಟಬೇಕು, ಪರೀಕ್ಷೆ ಕೊಡಬೇಕು. ಭಾವನ ಕೇಸಿನಲ್ಲಿ ಆ ಗಂಟೇ ಇಲ್ಲ. ದೊಡ್ಡ ಮಗ ಅವನದ್ದು ಅವನೇ ಹಾಕಿಕೊಳ್ಳಬೇಕು, ಅವನಿಗೂ ಅದೇ ಉಚಿತ ಜಾಗಗಳೇ.

ದುಡ್ಡಿನ ಲೆಕ್ಕ ಹೇಳುತ್ತೇನೆ. 2024ರ ಏಪ್ರಿಲ್ 1ರಿಂದ ಎನ್-400 ಆನ್‌ಲೈನಿನಲ್ಲಾದರೆ 710 ಡಾಲರ್, ಕಾಗದದಲ್ಲಾದರೆ 760. ಮನೆಯ ಆದಾಯ ಅಲ್ಲಿನ ಬಡತನ ರೇಖೆಯ ನಾಲ್ಕು ಪಟ್ಟಿನ ಒಳಗಿದ್ದರೆ 380ಕ್ಕೆ ಇಳಿಯುತ್ತದೆ. ಒಂದೂವರೆ ಪಟ್ಟಿನ ಒಳಗಿದ್ದರೆ, ಅಥವಾ ಮೆಡಿಕೇಡ್, ಫುಡ್ ಸ್ಟ್ಯಾಂಪ್ ತರಹದ, ಬಡವರಿಗೆ ಅಲ್ಲಿನ ಸರ್ಕಾರ ಕೊಡುವ ಸೌಲಭ್ಯ ಪಡೆಯುತ್ತಿದ್ದರೆ, ಐ-912 ಅನ್ನುವ ಫಾರಮಿನಲ್ಲಿ ಪೂರ್ತಿ ಮಾಫಿ ಕೇಳಬಹುದು. ನಾಲ್ಕು ಜನರ ಮನೆ, ಅಂಗಡಿ ಕೆಲಸ, ಡ್ರೈವಿಂಗ್ ಅಂದರೆ 380ಕ್ಕಂತೂ ಬಂದೇ ಬರುತ್ತಾರೆ ಅಂತ ನನಗೆ ಅನಿಸುತ್ತದೆ. ಆ 1,800 ಕೇಳಿದವರು ಇದರ ಬಗ್ಗೆ ಬಾಯಿ ಬಿಟ್ಟಿದ್ದಾರಾ ಕೇಳಿ ನೋಡಿ.

ಗ್ರೀನ್ ಕಾರ್ಡ್ ರಿನ್ಯೂ ಮಾಡಿಸುವುದಕ್ಕೂ ಆನ್‌ಲೈನಿನಲ್ಲಿ 415 ಡಾಲರ್ ಇದೆ. ಎನ್-400 ಹಾಕಿದರೆ ಬರುವ ರಸೀದಿಯೇ ಹಳೇ ಕಾರ್ಡನ್ನು 24 ತಿಂಗಳು ಮುಂದುವರಿಸುತ್ತದೆ. ಎರಡಕ್ಕೂ ಕಟ್ಟಬೇಕಾಗಿಲ್ಲ. ಇನ್ನೊಂದು, ಈಗ ಚೆಕ್ ತಗೊಳ್ಳುವುದಿಲ್ಲ, 2025ರ ಅಕ್ಟೋಬರ್ ಕೊನೆಯಿಂದ ಕಾರ್ಡ್ ಅಥವಾ ಬ್ಯಾಂಕ್ ಖಾತೆಯಿಂದ ಮಾತ್ರ. ಹಾಕುವ ದಿನ ಒಮ್ಮೆ ಯುಎಸ್‌ಸಿಐಎಸ್, ಅಂದರೆ ಈ ಅರ್ಜಿ ನೋಡುವ ಸರ್ಕಾರಿ ಇಲಾಖೆಯ ವೆಬ್‌ಸೈಟಿನಲ್ಲಿ ಫೀಸು ನೋಡಿಕೊಳ್ಳಿ. ವಿಳಾಸದ ಕೊನೆಗೆ ಡಾಟ್ ಗವ್ ಇರಬೇಕು, ಡಾಟ್ ಕಾಮ್ ಇದ್ದರೆ ಮುಚ್ಚಿಬಿಡಿ.

---

ಮಂಡಗದ್ದೆ_ಬಸ್‌ಸ್ಟಾಪ್

ಎಲ್ಲರೂ ಹಾಕಿ ಹಾಕಿ ಅಂತ ಹೇಳುತ್ತಿದ್ದೀರಿ, ಒಂದು ವಿಷಯ ಯಾರೂ ಹೇಳಲಿಲ್ಲ. ಅಲ್ಲಿಯ ಸಿಟಿಜನ್ ಆದ ದಿನವೇ ಇಲ್ಲಿಯದು ಹೋಯಿತು. ಆಮೇಲೆ ತೋಟದ ಗತಿ ಏನು? ನಮ್ಮ ಪಕ್ಕದ ಮನೆಯವರ ಮಗಳು ಆಸ್ಟ್ರೇಲಿಯಾದವಳಾದಳು, ಈಗ ಅಣ್ಣಂದಿರು "ನೀನು ವಿದೇಶಿ, ನಿನಗೆ ಅಡಿಕೆ ತೋಟದಲ್ಲಿ ಪಾಲಿಲ್ಲ" ಅಂತ ಹೇಳುತ್ತಿದ್ದಾರೆ. ಅಪ್ಪನಿಗೆ ಬೇರೆ ಹುಷಾರಿಲ್ಲ ಅಂತೀರಿ. ಸುಮ್ನೆ ಕಾರ್ಡ್ ರಿನ್ಯೂ ಮಾಡಿಸಿಕೊಂಡು ಇರುವುದೇ ಕ್ಷೇಮ ಅಂತ ನನ್ನ ಅಭಿಪ್ರಾಯ. ವರದಾದಂಡೆಯವರೇ, ನೀವೂ ಅಕ್ಕನೂ ಒಟ್ಟಿಗೆ ಇದ್ದೀರಿ ಸರಿ, ಎಲ್ಲರ ಮನೆಯಲ್ಲೂ ಹಾಗಿರುವುದಿಲ್ಲ.

---

ನೆಹರೂರೋಡ್_ವಕೀಲ

ಶಿವಮೊಗ್ಗದಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ. ಅಮೆರಿಕದ್ದು ನನಗೆ ಗೊತ್ತಿಲ್ಲ, ತೋಟದ್ದು ಗೊತ್ತು.

ಮೊದಲ ಅರ್ಧ ನಿಜ. 1955ರ ಪೌರತ್ವ ಕಾಯ್ದೆಯ 9ನೇ ಕಲಂ ಪ್ರಕಾರ ಬೇರೆ ದೇಶದ ಪೌರತ್ವ ತಾನಾಗಿ ತಗೊಂಡವರ ಭಾರತದ ಪೌರತ್ವ ಹೋಗುತ್ತದೆ. ಎರಡೂ ಇಟ್ಟುಕೊಳ್ಳಲು ನಮ್ಮಲ್ಲಿ ಆಗುವುದಿಲ್ಲ.

ಆದರೆ ಪಾಲು ಹೋಗುವುದಿಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ 2005ರ ತಿದ್ದುಪಡಿ ಇದೆ, ಆ ಹಕ್ಕು ಪಾಸ್‌ಪೋರ್ಟ್ ಬಣ್ಣ ನೋಡಿ ಬರುವುದಲ್ಲ. ಕೃಷಿ ಜಮೀನನ್ನು ವಾರಸಾಗಿ ಪಡೆಯಲು ವಿದೇಶದಲ್ಲಿರುವವರಿಗೂ ಅಡ್ಡಿ ಇಲ್ಲ. ಅಪ್ಪನ ಕಾಲಾನಂತರ ಪೌತಿ ಖಾತೆ ಮಾಡಿಸುವಾಗ ಎಲ್ಲ ವಾರಸುದಾರರ ಹೆಸರು ವಂಶವೃಕ್ಷದಲ್ಲಿ ಬರಲೇಬೇಕು, ಅಮೆರಿಕದಲ್ಲಿದ್ದಾಳೆ ಅಂತ ಬಿಡುವ ಹಾಗಿಲ್ಲ.

ನಿರ್ಬಂಧ ಇರುವುದು ಬೇರೆ ಕಡೆ. ಅವರು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಂಡುಕೊಳ್ಳುವ ಹಾಗಿಲ್ಲ. ದಾನಪತ್ರದಲ್ಲಿ ತಗೊಳ್ಳುವ ಹಾಗೂ ಇಲ್ಲ. ಇದು ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆಯ ನಿಯಮ. ಬಹಳ ಜನ ಗಮನಿಸದ ವಿಷಯ ಏನೆಂದರೆ, ಹೊರದೇಶದಲ್ಲೇ ನೆಲೆಸಿದವರಿಗೆ ಭಾರತದ ಪಾಸ್‌ಪೋರ್ಟ್ ಇದ್ದರೂ ಈ ನಿಯಮ ಈಗಾಗಲೇ ಅನ್ವಯ. ಅಂದರೆ ನಿಮ್ಮ ಅಕ್ಕ ಗ್ರೀನ್ ಕಾರ್ಡಿನಲ್ಲೇ ಉಳಿದರೂ ತೋಟ ಕೊಳ್ಳಲು ಆಗುವುದಿಲ್ಲ, ಸಿಟಿಜನ್ ಆದರೂ ವಾರಸು ತಪ್ಪುವುದಿಲ್ಲ. ಈ ಒಂದು ಕಾರಣಕ್ಕೆ ಅರ್ಜಿ ನಿಲ್ಲಿಸುವುದರಲ್ಲಿ ಅರ್ಥ ಇಲ್ಲ. ಮುಂದೆ ಮಾರುವುದಾದರೆ ಇಲ್ಲೇ ವಾಸ ಇರುವ ಭಾರತೀಯರಿಗೇ ಮಾರಬೇಕು. ನೀವು ತಮ್ಮನೇ ತಗೊಂಡರೂ ಸರಿ.

ಅಪ್ಪ ಅಕ್ಕನಿಗೆ ಏನಾದರೂ ಬಿಡಬೇಕು ಅಂತಿದ್ದರೆ ದಾನಪತ್ರದ ಬದಲು ವಿಲ್ ಬರೆಸಿ. ಅಕ್ಕ ಅಲ್ಲಿಂದ ನಿಮಗೆ ಮುಖ್ತ್ಯಾರನಾಮೆ, ಅಂದರೆ ಪವರ್ ಆಫ್ ಅಟಾರ್ನಿ ಕಳಿಸುವುದಾದರೆ ಅದನ್ನು ನ್ಯೂಯಾರ್ಕಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಲಿ. ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಡ್ಯೂಟಿ ಕಟ್ಟಬೇಕು. ಕವರ್ ಬಂತು ಅಂತ ಕಪಾಟಿನಲ್ಲಿಟ್ಟು ಅಡಿಕೆ ಸುಲಿಗೆ ಮುಗಿದ ಮೇಲೆ ನೋಡೋಣ ಅನ್ನಬೇಡಿ, ಇದನ್ನು ಪ್ರತಿ ವರ್ಷ ಯಾರಾದರೊಬ್ಬರು ಮಾಡಿಕೊಂಡು ಬರುತ್ತಾರೆ.

ಮಂಡಗದ್ದೆಯವರೇ, ನಿಮ್ಮ ಪಕ್ಕದ ಮನೆ ಮಗಳಿಗೆ ಹೇಳಿ: ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಪುಕ್ಕಟೆ ಸಹಾಯ ಹುಡುಕಲು ನ್ಯೂಯಾರ್ಕೇ ಆಗಬೇಕಾಗಿಲ್ಲ.

---

ಮಂಡಗದ್ದೆ_ಬಸ್‌ಸ್ಟಾಪ್

ಸರ್, ವಿದೇಶಿಗೆ ಪಾಲೇ ಇಲ್ಲ ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ಆ ಹುಡುಗಿಗೆ ಈ ಮೆಸೇಜ್ ಕಳಿಸುತ್ತೇನೆ. ಅಣ್ಣಂದಿರಿಗೂ ಕಳಿಸಬೇಕು ಅನಿಸುತ್ತಿದೆ, ಆದರೆ ನಾಳೆ ನಾನು ಅದೇ ಬಸ್ಸಿಗೆ ಕಾಯಬೇಕಲ್ಲ.

---

ನಗರ_ಹೋಬಳಿ

ನಮ್ಮ ಅಮ್ಮನೂ ಇದೇ ಪರೀಕ್ಷೆ ಪಾಸಾಗಿ ಸಿಟಿಜನ್ ಆದವರು. ಭಾವನ ಭಯದ ಬಗ್ಗೆ ಎರಡು ಮಾತು.

ವಯಸ್ಸಿನ ರಿಯಾಯಿತಿ ಇದೆ, ಆದರೆ ಅವರಿಗೆ ಈಗ ಸಿಗುವುದಿಲ್ಲ. 50 ದಾಟಿ ಗ್ರೀನ್ ಕಾರ್ಡಿನಲ್ಲಿ 20 ವರ್ಷ ಇದ್ದವರಿಗೆ, ಅಥವಾ 55 ದಾಟಿ 15 ವರ್ಷ ಇದ್ದವರಿಗೆ ಇಂಗ್ಲಿಷ್ ಪರೀಕ್ಷೆ ಮಾಫಿ. ಅವರು ಅನುವಾದಕರನ್ನು ಕರೆದುಕೊಂಡು ಹೋಗಿ ಕನ್ನಡದಲ್ಲೇ ಉತ್ತರ ಹೇಳಬಹುದು. ಭಾವನಿಗೆ ಹತ್ತು ವರ್ಷವೂ ಪೂರ್ತಿ ಆಗಿಲ್ಲ, ಹಾಗಾಗಿ ಇಂಗ್ಲಿಷೇ.

ಆದರೆ ಇಂಗ್ಲಿಷ್ ಅಂದರೆ ಪಿಯುಸಿ ಪರೀಕ್ಷೆ ಅಲ್ಲ. ಮೂರು ವಾಕ್ಯ ಕೊಡುತ್ತಾರೆ, ಒಂದನ್ನು ಸರಿಯಾಗಿ ಓದಿದರೆ ಸಾಕು. ಹಾಗೇ ಮೂರರಲ್ಲಿ ಒಂದು ವಾಕ್ಯ ಸರಿಯಾಗಿ ಬರೆದರೆ ಸಾಕು. ದಿನಾ ಪ್ಯಾಸೆಂಜರ್ ಜೊತೆ ಮಾತಾಡುವವರಿಗೆ ಇದು ಯಾವ ಲೆಕ್ಕ? ಕಷ್ಟ ಇರುವುದು ಸಿವಿಕ್ಸ್‌ನಲ್ಲಿ, ಅಂದರೆ ಅಮೆರಿಕದ ಸರ್ಕಾರ, ಇತಿಹಾಸದ ಪ್ರಶ್ನೆಗಳಲ್ಲಿ. 2025ರ ಅಕ್ಟೋಬರ್ 20ರಿಂದ ಈಚೆಗೆ ಅರ್ಜಿ ಹಾಕಿದವರಿಗೆ ಹೊಸ ಪದ್ಧತಿ ಬಂದಿದೆ. 128 ಪ್ರಶ್ನೆಗಳ ಪಟ್ಟಿ ಮೊದಲೇ ಕೊಟ್ಟಿರುತ್ತಾರೆ, ಅದರಲ್ಲಿ 20 ಕೇಳುತ್ತಾರೆ, 12 ಸರಿ ಆಗಬೇಕು. ಮುಂಚೆ 100ರಲ್ಲಿ 10 ಕೇಳಿ 6 ಸರಿ ಇದ್ದರೆ ಸಾಕಿತ್ತು. ಅಂಗಡಿಯಲ್ಲಿ ಸಿಗುವ ಹಳೇ ಪುಸ್ತಕ, ಹಳೇ ವಿಡಿಯೊ ನೋಡಿ ಓದಿದರೆ ಕೆಟ್ಟಿರಿ. ಸರ್ಕಾರಿ ವೆಬ್‌ಸೈಟಿನಲ್ಲಿ ಹೊಸ ಪಟ್ಟಿ ಪುಕ್ಕಟೆ ಇದೆ. ಒಂದು ಸಲ ಫೇಲ್ ಆದರೆ, ಫೇಲ್ ಆದ ಭಾಗಕ್ಕೆ ಮಾತ್ರ ಇನ್ನೊಂದು ಅವಕಾಶ ಕೊಡುತ್ತಾರೆ, ಅದಕ್ಕೆ ಮತ್ತೆ ಫೀಸಿಲ್ಲ.

ನಮ್ಮ ಅಮ್ಮ ಪಟ್ಟಿಯನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಫ್ರಿಜ್ಜಿಗೆ ಅಂಟಿಸಿದ್ದರು. "ವಾಟ್ ಈಸ್ ದ ಸುಪ್ರೀಂ ಲಾ ಆಫ್ ದ ಲ್ಯಾಂಡ್" ಅಂತ ಬರೆದು, ಕೆಳಗೆ ಉತ್ತರ, ಪಕ್ಕದಲ್ಲಿ ಹಾಲಿನ ಲೆಕ್ಕ. ದೋಸೆ ಹುಯ್ಯುತ್ತಾ ಗವರ್ನರ್ ಹೆಸರು ಹೇಳುತ್ತಿದ್ದರು. ಮಗಳು 16 ಅಂದಿರಲ್ಲ, ಅವಳಿಗೆ ಇದೆಲ್ಲ ಸ್ಕೂಲಿನಲ್ಲೇ ಇರುತ್ತದೆ. ದಿನಾ ಅಪ್ಪನನ್ನು ಕೂರಿಸಿ ಕೇಳಲಿ.

ಇನ್ನೊಂದು ಮುಖ್ಯ. ಭಾವನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇದೆಯಾ? ನಮ್ಮ ಕಡೆ ತುಂಬಾ ಜನರಿಗೆ ಬರೀ ಒಂದು ಹೆಸರು, ಇನಿಷಿಯಲ್ ಕಾಗದದಲ್ಲೆಲ್ಲೋ ಇರುತ್ತದೆ. ಅಂಥವರ ಗ್ರೀನ್ ಕಾರ್ಡಿನಲ್ಲಿ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು", ಅಂದರೆ ಫಸ್ಟ್ ನೇಮ್ ಅನ್‌ನೋನ್ (ಮೊದಲ ಹೆಸರು ಗೊತ್ತಿಲ್ಲ) ಅಂತ ಹಾಕಿಬಿಡುತ್ತಾರೆ. ಅಮ್ಮನಿಗೂ ಹಾಗೇ ಇತ್ತು, ಆಸ್ಪತ್ರೆಯಲ್ಲಿ ಅದನ್ನೇ ಅವರ ಹೆಸರು ಅಂತ ಕೂಗುತ್ತಿದ್ದರು. ಎನ್-400ರಲ್ಲೇ ಹೆಸರು ಬದಲಾವಣೆ ಕೇಳುವ ಜಾಗ ಇದೆ, ಬೇರೆ ಖರ್ಚಿಲ್ಲ. ಆದರೆ ಹೊಸ ಹೆಸರು ಇಲ್ಲಿನ ಪಹಣಿ, ಆಧಾರ್ ಜೊತೆ ಹೊಂದುವ ಹಾಗೆ ಯೋಚಿಸಿ ಬರೆಯಲಿ. ಆಮೇಲೆ ಓಸಿಐ ಕಾರ್ಡಿಗೆ, ಅಂದರೆ ವಿದೇಶಿ ಪೌರರಾದ ನಮ್ಮವರಿಗೆ ಭಾರತ ಕೊಡುವ ಕಾರ್ಡಿಗೆ ಹಾಕುವಾಗ ಹಳೇ ಪಾಸ್‌ಪೋರ್ಟಿಗೂ ಹೊಸದಕ್ಕೂ ಹೆಸರು ಬೇರೆ ಇದ್ದರೆ ಅದಕ್ಕೆ ದಾಖಲೆ ಕೇಳುತ್ತಾರೆ.

ಓಸಿಐ ಅಂದೆ ನೋಡಿ. ಸಿಟಿಜನ್ ಆದ ಮೇಲೆ ಮೊದಲು ಅಮೆರಿಕದ ಪಾಸ್‌ಪೋರ್ಟ್, ಆಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಿದ ಸರ್ಟಿಫಿಕೇಟ್, ಆಮೇಲೆ ಓಸಿಐ. ಈ ಮೂರರ ಮಧ್ಯೆ ಊರಲ್ಲಿ ಏನಾದರೂ ಆದರೆ ವೀಸಾ ಮಾಡಿಸಿಕೊಂಡೇ ಬರಬೇಕು, ಹಳೇ ಪಾಸ್‌ಪೋರ್ಟ್ ಹಿಡಿದು ಹತ್ತುವ ಹಾಗಿಲ್ಲ. ಅಪ್ಪನಿಗೆ ಹುಷಾರಿಲ್ಲದ ಮನೆಯಲ್ಲಿ ಇದನ್ನು ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು. ಗಂಡ ಹೆಂಡತಿ ಬೇರೆಬೇರೆ ಸಮಯಕ್ಕೆ ಹಾಕಿದರೆ ಒಬ್ಬರಾದರೂ ಯಾವಾಗ ಬೇಕಾದರೂ ಹೊರಡಬಹುದು.

---

ವರದಾದಂಡೆ

ಅಬ್ಬಾ! ಇಷ್ಟು ವಿಷಯ 1,800 ಡಾಲರ್ ಕೊಟ್ಟಿದ್ದರೂ ಆ ಆಫೀಸಿನಲ್ಲಿ ಸಿಗುತ್ತಿರಲಿಲ್ಲ.

ಅಕ್ಕನ ಹತ್ತಿರ ಮಾತಾಡಿದೆ. 311ಕ್ಕೆ ಫೋನ್ ಮಾಡಿ, ಇಬ್ಬರಿಗೂ ಒಟ್ಟಿಗೆ ವಕೀಲರ ಅಪಾಯಿಂಟ್‌ಮೆಂಟ್ ತಗೊಂಡಿದ್ದಾಳೆ. ಭಾವ ಹಾಕುವುದು ಅಂತ ತೀರ್ಮಾನ ಆಗಿದೆ. ಅಂದರೆ ಮಗಳು ತೀರ್ಮಾನ ಮಾಡಿದ್ದಾಳೆ, ಅವರು ಹೂಂ ಅಂದಿದ್ದಾರೆ. ಸರ್‌ನೇಮ್ ಇಲ್ಲ, ಕಾರ್ಡಿನಲ್ಲಿ ನೀವು ಹೇಳಿದ ಹಾಗೇ ಎಫ್‌ಎನ್‌ಯು ಇದೆ.

ನಾನು ಇಲ್ಲಿಂದ ಏನು ಕಳಿಸಬೇಕು? ಅಪ್ಪನ ಆಸ್ಪತ್ರೆ ಕಾಗದ ಎಲ್ಲ ಇದೆ. ಡಿಸ್ಚಾರ್ಜ್ ಸಮ್ಮರಿ ಇಂಗ್ಲಿಷಿನಲ್ಲಿದೆ. ಆಮೇಲೆ ಊರಿನ ಡಾಕ್ಟರು ತಿಂಗಳು ತಿಂಗಳು ನೋಡಿದ ಚೀಟಿ, ಪಂಚಾಯ್ತಿಯಿಂದ ಬರೆಸಿಕೊಂಡಿದ್ದು ಎಲ್ಲ ಕನ್ನಡದಲ್ಲಿದೆ. ನೋಟರಿ ಮಾಡಿಸಿ ಕಳಿಸಲಾ?

---

ಏಳನೇ_ನಂಬರ್_ರೈಲು

ನೋಟರಿ ಬೇಡ. ಕನ್ನಡದ ಕಾಗದಕ್ಕೆ ಪೂರ್ತಿ ಇಂಗ್ಲಿಷ್ ಅನುವಾದ ಬೇಕು. ಅನುವಾದ ಮಾಡಿದವರು "ನನಗೆ ಎರಡೂ ಭಾಷೆ ಬರುತ್ತದೆ, ಇದು ಪೂರ್ತಿಯಾಗಿ ಸರಿಯಾಗಿದೆ" ಅಂತ ಕೆಳಗೆ ಬರೆದು ಸಹಿ, ಹೆಸರು, ವಿಳಾಸ, ತಾರೀಖು ಹಾಕಬೇಕು. ಅದಕ್ಕೆ ಸರ್ಟಿಫಿಕೇಟ್ ಇರುವ ಅನುವಾದಕರೇ ಆಗಬೇಕಂತಿಲ್ಲ. ಊರಿನ ಹೈಸ್ಕೂಲ್ ಇಂಗ್ಲಿಷ್ ಮೇಷ್ಟ್ರು ಮಾಡಿದರೂ ನಡೆಯುತ್ತದೆ. ನೀವು ಮನೆಯವರು, ನೀವೇ ಮಾಡಬೇಡಿ.

ಕಳಿಸಬೇಕಾದ್ದು: ಡಿಸ್ಚಾರ್ಜ್ ಸಮ್ಮರಿ, ಆ ತಿಂಗಳುಗಳ ಚೀಟಿಗಳು, ಅಕ್ಕ ಬಂದು ಹೋದ ಟಿಕೆಟ್. ಮೂಲ ಪ್ರತಿ ಪೋಸ್ಟ್ ಮಾಡಬೇಡಿ, ನೀಟಾಗಿ ಸ್ಕ್ಯಾನ್ ಮಾಡಿ ಕಳಿಸಿದರೆ ಸಾಕು. ಮೊಬೈಲ್‌ನಲ್ಲಿ ಫೋಟೊ ತೆಗೆದು ಅರ್ಧ ಬೆರಳು ಕಾಣುವ ಹಾಗೆ ವಾಟ್ಸ್ಆ್ಯಪ್ ಮಾಡಬೇಡಿ ಮಾರಾಯ್ರೆ, ಅಂಥವು ನಮಗೆ ದಿನಾ ಬರುತ್ತವೆ. ಬಾಡಿಗೆ ಕರಾರು, ಅಂಗಡಿಯವರ ಪತ್ರ, ಮಕ್ಕಳ ಸ್ಕೂಲ್ ದಾಖಲೆ ಅಕ್ಕ ಅಲ್ಲೇ ಜೋಡಿಸಿಕೊಳ್ಳಲಿ. ಮೂರು ವರ್ಷದ ಟ್ಯಾಕ್ಸ್ ದಾಖಲೆ ಅಲ್ಲಿನ ತೆರಿಗೆ ಇಲಾಖೆ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ, ಅದಕ್ಕೂ ಆ ಮಹಡಿ ಹತ್ತಬೇಕಾಗಿಲ್ಲ.

ಅಪಾಯಿಂಟ್‌ಮೆಂಟಿಗೆ ಹೋಗುವಾಗ ಇಬ್ಬರೂ ಹಳೇ ಪಾಸ್‌ಪೋರ್ಟುಗಳನ್ನೂ ತಗೊಂಡು ಹೋಗಲಿ. ಭಾವ ಡ್ರೈವರ್ ಅಂದಿರಿ, ಟ್ರಾಫಿಕ್ ಟಿಕೆಟ್, ಸಮನ್ಸ್, ಯಾವುದೇ ಪೊಲೀಸ್ ವಿಷಯ ಇದ್ದರೆ ಎಷ್ಟು ಚಿಕ್ಕದಾದರೂ ವಕೀಲರಿಗೆ ಮೊದಲೇ ಹೇಳಲಿ. ಫಾರಮಿನಲ್ಲಿ ಅದಕ್ಕೆಲ್ಲ ಪ್ರಶ್ನೆ ಇದೆ, ಈಗ ನಡತೆಯ ವಿಷಯದಲ್ಲಿ ಮುಂಚೆಗಿಂತ ಜಾಸ್ತಿ ಕೆದಕುತ್ತಾರೆ.

---

ವರದಾದಂಡೆ

ಪಾರ್ಕಿಂಗ್ ಟಿಕೆಟ್ ಒಂದು ರಾಶಿ ಇದೆಯಂತೆ. ಎಲ್ಲಾ ಹುಡುಕಿ ಇಡಲು ಹೇಳಿದ್ದೇನೆ. ಸ್ಕ್ಯಾನ್ ಮಾಡಿಸಲು ನಾಳೆ ಸಾಗರ ಪೇಟೆಗೆ ಹೋಗುತ್ತೇನೆ.